ಕೊಲಂಬಿಯಾದಲ್ಲಿ 24 ದಿನ: ಒಲೆ ಇರುವ ರೂಮು, ಹಗಲು ಬಸ್ಸು, ಎರಡು ಲೀಟರ್ ಕುಕ್ಕರ್

ಕೊಲಂಬಿಯಾಕ್ಕೆ ಹೋಗ್ತೀವಿ ಅಂದಾಗ ನಮ್ಮ ಕಡೆ ಯಾರೂ ಒಪ್ಪಲಿಲ್ಲ. "ಆ ದೇಶಕ್ಕಾ? ಅಲ್ಲಿ ಬರೀ ಗನ್ನು, ಡ್ರಗ್ಸು" ಅಂದವರು ಕೆಲವರು. "ಮಾಂಸ ತಿನ್ನದವರು ಹಸಿದು ಬರ್ತೀರ" ಅಂದವರು ಜಾಸ್ತಿ. ಬೆಂಗಳೂರಿನ ಒಬ್ಬ ಏಜೆಂಟರು ಇಬ್ಬರಿಗೆ 12 ದಿನಕ್ಕೆ 7 ಲಕ್ಷದ ಹತ್ತಿರ ಹೇಳಿದರು. ನಾವಾಗಿಯೇ ಹೋಗ್ತೀವಿ ಅಂದಾಗ, ಸ್ಪ್ಯಾನಿಷ್ ಬಾರದೆ ಬಸ್ಸಲ್ಲಿ ಓಡಾಡೋಕೆ ಆಗೋದೇ ಇಲ್ಲ ಅಂತ ಖಡಾಖಂಡಿತವಾಗಿ ಹೇಳಿದರು.

ಆಯಿತು. ನನಗೆ 56, ನನ್ನ ಹೆಂಡತಿಗೆ 51. ಇಬ್ಬರೂ ಸಸ್ಯಾಹಾರಿಗಳು. 24 ದಿನ ಮೂರು ದೊಡ್ಡ ನಗರ, ಕೆರಿಬಿಯನ್ ಕರಾವಳಿ, ಕಾಫಿ ಸೀಮೆ ಎಲ್ಲ ಸುತ್ತಿ ಬಂದೆವು. ಆದರೆ ಮೊದಲ ಹತ್ತು ದಿನ ನಮ್ಮ ಪ್ಲಾನು ಪೂರ್ತಿ ಕೆಟ್ಟಿತ್ತು. ಆಮೇಲೆ ಹಿಡಿದ ದಾರಿ ಗೆದ್ದಿತು. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಮಗಳೂರು ಕಡೆ ನಮ್ಮದು 11 ಎಕರೆ ತೋಟ. ಹೆಚ್ಚಾಗಿ ಅರೇಬಿಕಾ, ಜೊತೆಗೆ ಮೆಣಸು. ಕೊಯ್ಲಿನಲ್ಲಿ ಕದಲೋಕಾಗಲ್ಲ. 2024ರ ಮೇ ತಿಂಗಳಲ್ಲಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ತೋಟ ತಮ್ಮನಿಗೆ ಒಪ್ಪಿಸಿ, ಮೊದಲು ಹ್ಯೂಸ್ಟನ್‌ನ ಮಗಳ ಮನೆಗೆ ಹೋದೆವು. ಅಲ್ಲಿಂದ ಕೊಲಂಬಿಯಾದ ರಾಜಧಾನಿ ಬೊಗೊಟಾಗೆ ವಿಮಾನದಲ್ಲಿ ಐದು ಗಂಟೆ. ಹೋಗಿ ಬರೋಕೆ ತಲೆಗೆ 35 ಸಾವಿರದ ಹತ್ತಿರ ಬಿತ್ತು. ನಮ್ಮ ಅಮೆರಿಕದ ವೀಸಾ ಮುಗಿಯೋಕೆ ಇನ್ನೂ 180 ದಿನಕ್ಕಿಂತ ಜಾಸ್ತಿ ಇದ್ದದ್ದರಿಂದ ಬೇರೆ ವೀಸಾ ಬೇಕಾಗಲಿಲ್ಲ. ಹಳದಿ ಜ್ವರದ ಲಸಿಕೆ ಮಾತ್ರ ಮರೆಯಬೇಡಿ. ಆ ಕಾರ್ಡ್ ಚಾಲ್ತಿಗೆ ಬರೋದು ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ. ಕೊಲಂಬಿಯಾಕ್ಕೆ ಹೋಗಿ ಬಂದವರನ್ನು ನಮ್ಮ ದೇಶದಲ್ಲೂ ಇದಕ್ಕೆ ಕೇಳುತ್ತಾರೆ.

ಬೊಗೊಟಾ ಇರುವುದು 2,640 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ತುದಿಗಿಂತ 700 ಮೀಟರ್ ಮೇಲೆ ಒಂದು ಮಹಾನಗರವೇ ಕೂತಿದೆ ಅಂದುಕೊಳ್ಳಿ. ಬಂದ ಮರುದಿನವೇ ನಾನು ಮೊನ್ಸೆರಾಟೆ ಬೆಟ್ಟದ ಮೆಟ್ಟಿಲು ಹತ್ತೋಕೆ ಹೊರಟೆ. ಅದು 3,152 ಮೀಟರ್. ಅರ್ಧದಲ್ಲೇ ತಲೆ ಸಿಡಿಯತೊಡಗಿತು. ಇಳಿದು ಬಂದು ರೋಪ್‌ವೇಯಲ್ಲಿ ಹೋದೆವು. ಎರಡು ದಿನ ಸುಮ್ನೆ ಚಿನ್ನದ ಮ್ಯೂಸಿಯಂ, ಚಿತ್ರಕಾರ ಬೊಟೆರೊ ಹೆಸರಿನ ಮ್ಯೂಸಿಯಂ ನೋಡಿಕೊಂಡು ಇರಬೇಕಿತ್ತು. ಬೊಟೆರೊ ಮ್ಯೂಸಿಯಂಗೆ ಟಿಕೆಟ್ಟೇ ಇಲ್ಲ. ಚಿನ್ನದ ಮ್ಯೂಸಿಯಂನಲ್ಲಿ ಅಲ್ಲಿಯ ಮೂಲನಿವಾಸಿ ಮುಯಿಸ್ಕಾ ಜನ ಮಾಡಿದ ಚಿನ್ನದ ತೆಪ್ಪ ಇದೆ, ಒಂದು ಗೇಣಿನಷ್ಟು ಉದ್ದ. ಅದರ ಮುಂದೆ ನನ್ನ ಹೆಂಡತಿ ಅರ್ಧ ಗಂಟೆ ನಿಂತಿದ್ದಳು.

ಆ ವರ್ಷ ಬೊಗೊಟಾದಲ್ಲಿ ಜಲಾಶಯ ಬತ್ತಿ, ಬಡಾವಣೆಗಳಿಗೆ ಸರದಿ ಮೇಲೆ 24 ಗಂಟೆ ನೀರು ನಿಲ್ಲಿಸುತ್ತಿದ್ದರು. ನಮ್ಮ ರೂಮಿನ ಸರದಿಯೂ ಬಂತು. ಬಕೆಟ್ಟು ತುಂಬಿಟ್ಟುಕೊಂಡು ಬೆಳೆದವರು ನಾವು, ಅದೊಂದು ಕಷ್ಟ ಅನ್ನಿಸಲಿಲ್ಲ.

ಮೊದಲ ದೊಡ್ಡ ತಪ್ಪು ಕರಾವಳಿಯಲ್ಲಿ ಆಯಿತು. ವಿಮಾನದಲ್ಲಿ ಸಾಂತಾ ಮಾರ್ತಾಗೆ ಹೋದೆವು, ತಾಯ್ರೋನಾ ಕಾಡು ನೋಡೋಕೆ. ಕಾಡಿನಿಂದ ನೇರ ಸಮುದ್ರಕ್ಕೆ ಇಳಿಯುವ ಜಾಗ ಅದು. ಗೇಟಿನ ಹತ್ತಿರವೇ ಎರಡು ರಾತ್ರಿಗೆ ರೂಮು ಹಿಡಿದಿದ್ದೆ, ವಾಪಸು ಸಿಗದ 7 ಸಾವಿರ ಕಟ್ಟಿ. ಹೋಗಿ ನೋಡಿದರೆ ಗೇಟು ಮುಚ್ಚಿತ್ತು. ಸಿಯೆರಾ ನೆವಾಡಾ ಬೆಟ್ಟದ ಮೂಲನಿವಾಸಿಗಳ ಕೋರಿಕೆಯಂತೆ ಕಾಡಿಗೆ ವರ್ಷಕ್ಕೆ ಮೂರು ಸಲ ವಿಶ್ರಾಂತಿ ಕೊಡುತ್ತಾರೆ. ಜೂನ್ ಮೊದಲ ಎರಡು ವಾರ ಅದರಲ್ಲೊಂದು. ದೇಶದ ಬಸ್ಸೆಲ್ಲ ಲೆಕ್ಕ ಹಾಕಿದವನು ಇದೊಂದು ನೋಡಿರಲಿಲ್ಲ. ಭೂಮಿಗೆ ರಜೆ ಕೊಡುವ ಪದ್ಧತಿ ಮಾತ್ರ ನನಗೆ ತುಂಬಾ ಹಿಡಿಸಿತು.

ಆ ಎರಡು ದಿನ ಮಿಂಕಾ ಅನ್ನುವ ಬೆಟ್ಟದ ಹಳ್ಳಿಗೆ ಹೋದೆವು. ಸಾಂತಾ ಮಾರ್ತಾದಿಂದ ಮುಕ್ಕಾಲು ಗಂಟೆ, ಶೇರ್ ಗಾಡಿಗೆ ತಲೆಗೆ 200 ರೂಪಾಯಿ. ಅಲ್ಲಿ ಕಾಫಿ ನೆರಳಿನಲ್ಲೇ ಬೆಳೆಯುತ್ತಾರೆ, ನಮ್ಮ ಹಾಗೆ. ತೋಟ ನೋಡಿದ ಕೂಡಲೇ ಮನೆಗೆ ಬಂದ ಹಾಗಾಯಿತು. ಇದೇ ಸಾಂತಾ ಮಾರ್ತಾದ ಒಂದು ತೋಟದ ಮನೆಯಲ್ಲಿ, ಈ ದೇಶಗಳನ್ನು ಸ್ಪೇನಿನಿಂದ ಬಿಡಿಸಿದ ಸಿಮೋನ್ ಬೊಲಿವಾರ್ 1830ರಲ್ಲಿ ತೀರಿಕೊಂಡದ್ದು. ಆ ಮನೆಯ ಅಂಗಳದ ಮರಗಳನ್ನು ನೋಡೋಕಾದರೂ ಹೋಗಿ.

ಕಾರ್ತಹೇನಾ ಬಗ್ಗೆ ಜಾಸ್ತಿ ಬರೆಯಲ್ಲ. ಕೋಟೆ ಗೋಡೆ, ಬಣ್ಣದ ಮನೆ, ಬಾಲ್ಕನಿ ತುಂಬ ಕಾಗದದ ಹೂ. ಎಲ್ಲ ಚಂದ. ಆದರೆ ಸೆಕೆ ಮಂಗಳೂರಿನ ಮೇ ತಿಂಗಳದ್ದು, ರೇಟು ಬೇರೆ ಊರುಗಳ ಎರಡರಷ್ಟು. ಕೋಟೆಯ ಒಳಗೆ ಉಳಿಯಬೇಡಿ. ಊಟ ಮಾತ್ರ ಸಿಕ್ಕಿತು: ತೆಂಗಿನ ಹಾಲಿನ ಅನ್ನ, ಜಜ್ಜಿ ಕರಿದ ಬಾಳೆಕಾಯಿ. ಕರಾವಳಿಯವರಿಗೆ ಇದಕ್ಕಿಂತ ಇನ್ನೇನು ಬೇಕು ಅಲ್ವಾ?

ಊಟದ ಪಾಠ ಅಲ್ಲಿಯವರೆಗೆ ಕಷ್ಟದ್ದೇ ಆಗಿತ್ತು. "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ ಕಲಿತು ಹೋಗಿದ್ದೆ. ಹಾಗಂದಾಗಲೆಲ್ಲ ಕೋಳಿ ಬರುತ್ತಿತ್ತು. ಹೋಟೆಲಿನಲ್ಲಿ ಕಾರ್ನೆ ಅಂದರೆ ಅವರಿಗೆ ದನದ ಮಾಂಸವೇ ನೆನಪಾಗುವುದು. ಕೋಳಿ, ಮೀನು, ಹ್ಯಾಮ್ ಒಂದೊಂದನ್ನೂ ಬೇರೆ ಹೇಳಬೇಕು. ಸೂಪಿಗೆ ಮೂಳೆ ಹಾಕಿರುತ್ತಾರೆ. ಕೆಂಪು ಕಾಳು ಬೇಯಿಸುವಾಗಲೂ ಹಂದಿ ಕೊಬ್ಬು ಬೀಳುತ್ತದೆ. ನನ್ನ ಹೆಂಡತಿ ಮೂರು ದಿನ ಅರೆಪಾ ಅನ್ನುವ ಮೆಕ್ಕೆಜೋಳದ ರೊಟ್ಟಿ ಮತ್ತು ಹಣ್ಣಿನಲ್ಲೇ ಕಳೆದಳು.

ಎರಡನೇ ದೊಡ್ಡ ತಪ್ಪು ರಾತ್ರಿ ಬಸ್ಸು. ಕಾರ್ತಹೇನಾದಿಂದ ಮೆಡೆಲಿನ್‌ಗೆ 14 ಗಂಟೆ. ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯುತ್ತೆ ಅಂತ ಹತ್ತಿದೆವು. ಎಸಿ ಫ್ರಿಜ್ಜಿನ ಹಾಗಿತ್ತು. ಡ್ರೈವರಿಗೆ ಹೇಳಿದರೂ ಕಡಿಮೆ ಮಾಡಲಿಲ್ಲ. ಹೆಂಡತಿಗೆ ಜ್ವರ ಬಂತು. ಉಳಿಸಿದ್ದು 2 ಸಾವಿರ, ಡಾಕ್ಟರು, ಔಷಧಿ, ಟ್ಯಾಕ್ಸಿಗೆ ಹೋದದ್ದು 5 ಸಾವಿರ. ಮೆಡೆಲಿನ್‌ನ ಎರಡು ದಿನ ರೂಮಿನಲ್ಲೇ ಮುಗಿಯಿತು.

ಆ ಎರಡು ದಿನದಲ್ಲೇ ಎಲ್ಲ ಬದಲಾದದ್ದು. ಆ ರೂಮಿನಲ್ಲಿ ಗ್ಯಾಸ್ ಒಲೆ ಇತ್ತು. ಮಗಳ ಮನೆಯಿಂದ ತಂದಿದ್ದ ಎರಡು ಲೀಟರಿನ ಕುಕ್ಕರ್ ಅಲ್ಲಿಯವರೆಗೆ ಸೂಟ್‌ಕೇಸಿನ ತಳದಲ್ಲೇ ಇತ್ತು. ನಾನು ಸಂತೆಗೆ ಹೋಗಿ ಅಕ್ಕಿ, ಲೆಂಟೆಹಾ ಅನ್ನುವ ಮಸೂರದ ಕಾಳು, ಟೊಮೆಟೊ, ಕೊತ್ತಂಬರಿ ಸೊಪ್ಪು ತಂದು, ಮನೆಯ ಸಾರಿನಪುಡಿ ಹಾಕಿ ಸಾರು ಮಾಡಿದೆ. ಇಬ್ಬರಿಗೆ ಎರಡು ಹೊತ್ತಿಗೆ 250 ರೂಪಾಯಿಯೂ ಆಗಲಿಲ್ಲ. ಹೆಂಡತಿ ಎದ್ದು ಕೂತು ಎರಡು ಸಲ ಹಾಕಿಸಿಕೊಂಡಳು. "ರೀ, ಇನ್ಮೇಲೆ ಒಲೆ ಇಲ್ಲದ ಕಡೆ ಇರೋದೇ ಬೇಡ" ಅಂದಳು.

ಮುಂದೆ ಇದ್ದ ಐದು ಊರಿನ ಪ್ಲಾನು ಅವತ್ತೇ ಹರಿದು ಹಾಕಿದೆ. ಎರಡೇ ಬಿಡಾರ ಅಂತ ಮಾಡಿದೆ. ಒಲೆ ಇರುವ ರೂಮು. ಬಸ್ಸು ಬೆಳಗ್ಗೆ ಏಳರ ಒಳಗೆ ಹತ್ತಬೇಕು, ಬೆಳಕಿರುವಾಗ ಇಳಿಯಬೇಕು. ಯಾವ ಊರಿಗೆ ಹೋದರೂ ಮೊದಲು ನೋಡುವುದು ಸಂತೆ. ಮಧ್ಯಾಹ್ನದ ಊಟ ಹೊರಗೆ, ಉಳಿದದ್ದು ನಮ್ಮದೇ. ವಾರಕ್ಕಿಂತ ಜಾಸ್ತಿ ಇರ್ತೀವಿ ಅಂದರೆ ಕೆಲವು ರೂಮಿನವರು ಬಾಡಿಗೆಯಲ್ಲಿ ಸ್ವಲ್ಪ ಬಿಡುತ್ತಾರೆ. ಬಸ್ ಸ್ಟ್ಯಾಂಡಿನ ಕೌಂಟರಿನಲ್ಲೂ ಟಿಕೆಟ್ ದರ ಇಳಿಯುತ್ತದೆ. ಅಲ್ಲಿ ಏನು ಕೇಳಬೇಕು, ಯಾವ ಹೊತ್ತಿಗೆ ಕೇಳಬೇಕು ಅನ್ನುವುದು ಎದುರಿಗೆ ಸಿಕ್ಕವರಿಗೆ ಹೇಳುತ್ತೇನೆ.

ಮೆಡೆಲಿನ್ ಉಳಿದ ದಿನಗಳಲ್ಲಿ ಚೆನ್ನಾಗಿ ನೋಡಿದೆವು. ಬೆಟ್ಟದ ಬಡಾವಣೆಗಳಿಗೆ 2004ರಿಂದ ಕೇಬಲ್ ಕಾರು ಓಡುತ್ತಿದೆ, ಮೆಟ್ರೊ ಜೊತೆ ಸೇರಿಕೊಂಡು. ಕೊಮುನಾ 13 ಅನ್ನುವ ಬೆಟ್ಟದ ಬಡಾವಣೆಯಲ್ಲಿ ಬೀದಿಯಲ್ಲೇ ಎಸ್ಕಲೇಟರ್. ತರಕಾರಿ ಚೀಲ ಹಿಡಿದ ಅಜ್ಜಿಯರು ಅದರಲ್ಲಿ ಮನೆಗೆ ಹೋಗುವುದನ್ನು ನೋಡಿ ಖುಷಿಯಾಯಿತು. ಭಯದ ವಿಷಯ ಕೇಳಿದವರಿಗೆ ಅಲ್ಲಿಯವರ ಮಾತನ್ನೇ ಹೇಳುತ್ತೇನೆ: "ಪಪ್ಪಾಯಿ ಕೊಡಬೇಡ." ಅಂದರೆ ಕಳ್ಳನಿಗೆ ನೀನಾಗಿಯೇ ಅವಕಾಶ ಮಾಡಿಕೊಡಬೇಡ ಅಂತ. ಬೀದಿಯಲ್ಲಿ ಫೋನ್ ಹೊರಗೆ ತೆಗೆಯಲಿಲ್ಲ, ಸರ ಮಗಳ ಮನೆಯಲ್ಲೇ ಬಿಟ್ಟಿದ್ದೆವು. 24 ದಿನದಲ್ಲಿ ಏನೂ ಕಳೆಯಲಿಲ್ಲ.

ಮೆಡೆಲಿನ್‌ನಿಂದ ಕಾಫಿ ಸೀಮೆಯ ಅರ್ಮೇನಿಯಾ ಅನ್ನುವ ಊರಿಗೆ ಹಗಲು ಬಸ್ಸಲ್ಲಿ ಏಳು ಗಂಟೆ, ಅಲ್ಲಿಂದ ಸಾಲೆಂತೊ ಕಡೆಗೆ ಒಂದು ಗಂಟೆ. ಅಲ್ಲಿ ಒಂದು ಸಣ್ಣ ತೋಟದ ಮನೆಯಲ್ಲಿ ಒಂಬತ್ತು ರಾತ್ರಿ ಇದ್ದೆವು. ಯಾವ ಮನೆ ಅಂತ ಬರೆಯಲ್ಲ. ಇರುವುದು ಎರಡೇ ರೂಮು, ಮುಂದಿನ ಸಲ ನಮಗೇ ಬೇಕು. ದಿನಕ್ಕೆ 1,600 ರೂಪಾಯಿ ಆಗುವಷ್ಟು ಪೆಸೊ.

ನನ್ನ ಮಟ್ಟಿಗೆ ಇಡೀ ಪ್ರವಾಸ ಅಂದರೆ ಈ ಒಂಬತ್ತು ದಿನ. ಯಜಮಾನರದ್ದು ನಾಲ್ಕು ಹೆಕ್ಟೇರ್. ನಿಲ್ಲೋಕೂ ಆಗದ ಇಳಿಜಾರು, ನೆರಳು ಮರವೇ ಇಲ್ಲ, ನಡುವೆ ಬಾಳೆ ಮಾತ್ರ. ಹೆಕ್ಟೇರಿಗೆ ಐದು ಸಾವಿರಕ್ಕಿಂತ ಜಾಸ್ತಿ ಗಿಡ ಒತ್ತಾಗಿ ಕೂರಿಸಿದ್ದಾರೆ. ಆರೇಳು ವರ್ಷಕ್ಕೊಮ್ಮೆ ಬುಡಕ್ಕೆ ಕಡಿದು ಹೊಸ ಚಿಗುರು ಬಿಡಿಸುತ್ತಾರೆ. ನೆರಳು ಮರದ ಕೊಂಬೆ ಸವರುವ ನಮ್ಮ ಮರಗಸಿ ಅಂದರೆ ಏನು ಅಂತ ಕೈಸನ್ನೆಯಲ್ಲಿ ವಿವರಿಸೋಕೆ ನನಗೆ ಒಂದು ಸಂಜೆ ಹಿಡಿಯಿತು.

ಅವರ ತಳಿ ಕಾಸ್ತಿಯೊ. ಅಲ್ಲಿಯ ಸಂಶೋಧನಾ ಕೇಂದ್ರ ಸೆನಿಕಫೆ 2005ರಲ್ಲಿ ಬಿಟ್ಟದ್ದು, ಕತುರಾ, ಟಿಮೋರ್ ಹೈಬ್ರಿಡ್ ಅನ್ನುವ ಎರಡು ತಳಿ ಸೇರಿಸಿ. ನಮ್ಮ ಕಾವೇರಿ ತಳಿಯ ಅಪ್ಪ ಅಮ್ಮನೂ ಅವರೇ! ನಮ್ಮಲ್ಲಿ ಕಾವೇರಿ ಎಲೆ ತುಕ್ಕು ರೋಗಕ್ಕೆ ಸೋತಿತು. ಅವರ ಗಿಡದ ಎಲೆ ಮಗುಚಿ ಮಗುಚಿ ನೋಡಿದೆ, ಅಲ್ಲಲ್ಲಿ ಒಂದೆರಡು ಚುಕ್ಕೆ ಬಿಟ್ಟರೆ ಏನಿಲ್ಲ. ಆಮೇಲೆ ಫೋನಿನಲ್ಲಿ ನಮ್ಮ ಕಾಂಡ ಕೊರೆಯುವ ಹುಳದ ಫೋಟೊ ತೋರಿಸಿದೆ. ಯಜಮಾನರು ಅಂಥದ್ದು ಕಂಡೇ ಇಲ್ಲ. ಅಲ್ಲಿ ಆ ಹುಳವೇ ಇಲ್ಲ. ಹುಳ ಬಿದ್ದ ಗಿಡ ಕಿತ್ತು ಸುಟ್ಟ ಫೋಟೊ ನೋಡಿ ಅವರು ನನ್ನ ಭುಜ ಹಿಡಿದುಕೊಂಡರು. ಕಾಯಿ ಕೊರಕ ಮಾತ್ರ ಇಬ್ಬರಿಗೂ ಇದೆ.

ವರ್ಷಕ್ಕೆ ಎರಡು ಕೊಯ್ಲು ಅವರಿಗೆ. ನಾವು ಹೋದಾಗ ಮಿತಾಕಾ ಅನ್ನುವ ಸಣ್ಣ ಕೊಯ್ಲಿನ ಕೊನೆ. ಬೆಳಗ್ಗೆ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ನಾವೂ ಇಳಿದೆವು. ನಾನು ಮಧ್ಯಾಹ್ನದ ತನಕ 30 ಕೆಜಿ ಹಣ್ಣು ಕೊಯ್ದೆ, ಹೆಂಡತಿ 38. ಆಳುಗಳು ಅದರ ಮೂರರಷ್ಟು ಕೊಯ್ದಿದ್ದರು. ಆದರೂ "ಇವರು ಟೂರಿಸ್ಟ್ ಅಲ್ಲ" ಅಂದರು. ಆಗ ಕೂಲಿ ಕೆಜಿಗೆ ಸಾವಿರ ಪೆಸೊ ಹತ್ತಿರ ಇತ್ತು, ಅಂದರೆ ನಮ್ಮ 20 ರೂಪಾಯಿ. ಪಲ್ಪ್ ಮಾಡಿ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ರಾತ್ರಿಯಿಡೀ ಹುದುಗಿಸಿ, ತೊಳೆದು ಒಣಗಿಸುವುದು ನಮ್ಮ ಹಾಗೆಯೇ. ಕಣ ಮಾತ್ರ ಬೇರೆ. ಒಣಗಿಸುವ ಜಾಗದ ಮೇಲೆ ಚಕ್ರದ ಚಾವಣಿ. ಮಳೆ ಬಂದರೆ ಒಬ್ಬನೇ ತಳ್ಳಿ ಮುಚ್ಚುತ್ತಾನೆ. ಜನವರಿಯಲ್ಲಿ ಅಕಾಲ ಮಳೆಗೆ ಟಾರ್ಪಾಲ್ ಹಿಡಿದು ಓಡುವ ನಮಗೆ ಇದು ಯಾಕೆ ಹೊಳೆಯಲಿಲ್ಲ? ಅಳತೆ ಬರೆದುಕೊಂಡು ಬಂದಿದ್ದೇನೆ. ಸಣ್ಣದೊಂದು ಮಾಡಿಸೋಕೆ ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ 85 ಸಾವಿರ ಹೇಳಿದ್ದಾರೆ.

ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಪ್ರಯೋಗ ಬೇರೆ ನಡೆದಿತ್ತು. ಅರೆಪಾ ಹಿಟ್ಟಿಗೆ ಈರುಳ್ಳಿ, ಕೊತ್ತಂಬರಿ, ಹಸಿಮೆಣಸು ಕಲಸಿ ಅಕ್ಕಿರೊಟ್ಟಿ ಥರ ತಟ್ಟಿದಳು. ಮೊದಲ ಸಲ ಒಡೆಯಿತು, ಬಿಸಿನೀರಲ್ಲಿ ಕಲಸಿದಾಗ ಬಂತು. ಮುದ್ದೆಗೆ ಆ ಹಿಟ್ಟು ಆಗಲ್ಲ, ಗಂಟಾಗುತ್ತೆ. ಮರಗೆಣಸಿನ ಪಲ್ಯ ಮನೆಯವರೆಲ್ಲ ಬಡಿಸಿಕೊಂಡು ತಿಂದರು. ಬದಲಿಗೆ ಅವರು ನಮಗೆ ಕೊಟ್ಟದ್ದು ಬೆಲ್ಲದ ನೀರಲ್ಲಿ ಕುದಿಸಿದ ಕರಿ ಕಾಫಿ. ಆ ಬೆಲ್ಲಕ್ಕೆ ಪನೇಲಾ ಅಂತಾರೆ, ನಮ್ಮ ಅಚ್ಚು ಬೆಲ್ಲವೇ. ಒಂದು ಗುಟುಕಿಗೆ ನಮ್ಮ ಅಜ್ಜಿಯ ಬೆಲ್ಲದ ಕಾಫಿ ನೆನಪಾಗಿ ನನಗೆ ಮಾತೇ ಬರಲಿಲ್ಲ.

ಕೊಕೊರಾ ಕಣಿವೆಗೆ ವಿಲ್ಲಿಸ್ ಜೀಪಿನಲ್ಲಿ ಹೋಗಿ. ಹಿಂದೆ ನಿಂತುಕೊಂಡೂ ಹೋಗಬಹುದು. ಅಲ್ಲಿನ ಮೇಣದ ತಾಳೆ ಮರ 60 ಮೀಟರ್ ತನಕ ಬೆಳೆಯುತ್ತದೆ. ಬೆಳಗ್ಗೆ ಎಂಟರ ಒಳಗೆ ತಲುಪಿದ್ದರಿಂದ ಮಂಜಿನಲ್ಲಿ ನಾವಿಬ್ಬರೇ ಇದ್ದೆವು.

ವಾಪಸು ಬೊಗೊಟಾಗೆ ಎಂಟು ಗಂಟೆ. ದಾರಿಯಲ್ಲಿ 2020ರಲ್ಲಿ ತೆರೆದ ಲಾ ಲೀನಿಯಾ ಸುರಂಗ, ಎಂಟೂವರೆ ಕಿಲೋಮೀಟರಿಗಿಂತ ಉದ್ದ. ಬೊಗೊಟಾದಲ್ಲಿ ನೀರು ಕುದಿಯುವುದೇ 91 ಡಿಗ್ರಿಯಲ್ಲಿ. ಬೋಗುಣಿಯಲ್ಲಿ ಕಾಳು ಇಟ್ಟರೆ ಮೂರು ಗಂಟೆಯಾದರೂ ಬೇಯಲಿಲ್ಲ. ಕುಕ್ಕರಿಗೆ ಹಾಕಿ ಇಪ್ಪತ್ತು ನಿಮಿಷದಲ್ಲಿ ಇಳಿಸಿದೆವು.

ಖರ್ಚು ನೆನಪಿನಿಂದ ಹೇಳುತ್ತೇನೆ. ರೂಮು 48 ಸಾವಿರ, ಊಟ 25, ಬಸ್ಸು ಜೀಪು ಮತ್ತು ಒಂದು ಒಳಗಿನ ವಿಮಾನ 30, ಟಿಕೆಟ್ಟುಗಳು 9, ನನ್ನ ತಪ್ಪಿಗೆ ಹೋದದ್ದು 12. ಹ್ಯೂಸ್ಟನ್‌ನಿಂದ ಬೊಗೊಟಾಗೆ ಹೋಗಿ ಬಂದ ವಿಮಾನ 70. ಇಬ್ಬರಿಗೂ ಸೇರಿ ಎರಡು ಲಕ್ಷದೊಳಗೆ.

ಪೆಸಿಫಿಕ್ ಕಡೆಯ ಕರಾವಳಿ ಉಳಿಯಿತು. ನುಕಿ ಅನ್ನುವ ಊರಿನ ಹತ್ತಿರ ಜುಲೈನಿಂದ ಅಕ್ಟೋಬರ್ ತನಕ ತಿಮಿಂಗಿಲಗಳು ಮರಿ ಹಾಕೋಕೆ ಬರುತ್ತವೆ. ಅದು ನಮ್ಮ ಮಳೆಗಾಲ. "ಹೋಗಿ ಬಾ ಅಣ್ಣ, ನಾನು ನೋಡ್ಕೋತೀನಿ" ಅಂತ ತಮ್ಮ ಹೇಳಿದ್ದಾನೆ. ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತಂದಾಗಿದೆ.