ಪಟ್ಟಿಂಗ್ ಸರಿಹೋದದ್ದು ಕ್ಯಾರಂ ಬೋರ್ಡಿನಿಂದ

ಹೋದ ತಿಂಗಳು ಮುಂಬಯಿಯ ಚೆಂಬೂರಿನ ಪ್ರೆಸಿಡೆನ್ಸಿ ಗಾಲ್ಫ್ ಕೋರ್ಸಿನಲ್ಲಿ ಹದಿನೆಂಟು ಹೋಲ್‌ಗೆ 30 ಪಟ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ. ಎರಡು ವರ್ಷದ ಹಿಂದೆ 38ಕ್ಕಿಂತ ಕೆಳಗೆ ಬಂದ ದಿನವೇ ಹಬ್ಬ. "ಶೆಟ್ರೆ, ಕ್ಯಾರಂ ಆಡಿ ಗಾಲ್ಫ್ ಕಲಿಯೂದುಂಟಾ?" ಅಂದಿದ್ದ ಭಾನುವಾರದ ಜೊತೆಗಾರರೇ ಈಗ ಹೇಗೆ ಅಂತ ಕೇಳುತ್ತಿದ್ದಾರೆ.

ಮೊದಲು ಕಳೆದ ದುಡ್ಡು. ಪಟ್ ಹೊಡೆಯುವ ದಪ್ಪ ತಲೆಯ ಕೋಲು, ಮ್ಯಾಲೆಟ್ ಪಟರ್‌ಗೆ ಸುಮಾರು 28 ಸಾವಿರ, ಕೋಚ್‌ಗೆ 20ರ ಹತ್ತಿರ, ಮನೆಯ ಮ್ಯಾಟ್‌ಗೆ ನಾಲ್ಕೋ ಐದೋ. ಗ್ರಿಪ್ ಮೂರು ಸಲ ಬದಲಾಯಿಸಿದೆ. ಆದರೂ ನಾಲ್ಕಡಿಯ ಪಟ್ ಅಂದರೆ ಕೈ ನಡುಗುತ್ತಿತ್ತು. ಪಂದ್ಯವೊಂದರ ಕೊನೇ ಹೋಲ್‌ನಲ್ಲಿ ಮೂರಡಿಯಿಂದ ಮೂರು ಪಟ್ ಹೊಡೆದ ರಾತ್ರಿ ಊಟ ಸೇರಲಿಲ್ಲ.

ಆ ಮಳೆಗಾಲದಲ್ಲಿ ಅಣ್ಣನ ಮಗ ಅಟ್ಟದಿಂದ ಹಳೇ ಕ್ಯಾರಂ ಬೋರ್ಡ್ ಇಳಿಸಿದ. ಮಾಟುಂಗಾದಲ್ಲಿ ಅಪ್ಪನ ಹೋಟೆಲಿನ ಮಾಳಿಗೆಯಲ್ಲಿ, ರಾತ್ರಿ ಬಾಗಿಲು ಹಾಕಿದ ಮೇಲೆ ಹುಡುಗರ ಜೊತೆ ಆಡುತ್ತಿದ್ದದ್ದು. ಇಪ್ಪತ್ತು ವರ್ಷದಿಂದ ಬೋರ್ಡ್ ಮುಟ್ಟಿರಲಿಲ್ಲ, ಆದರೂ ಮೂರನೇ ಹೊಡೆತಕ್ಕೇ ಕಟ್ (ಓರೆ ಹೊಡೆತ) ಬಿತ್ತು. ಕಣ್ಣು ಸ್ಟ್ರೈಕರ್ ಮೇಲೆ ಇರಲೇ ಇಲ್ಲ. ಅಡುಗೆ ಭಟ್ರು ಕಲಿಸಿದ್ದೇ ಹಾಗೆ: "ಸ್ಟ್ರೈಕರ್ ಎಂತ ನೋಡೂದು ಮಾರಾಯ, ಅದು ನಿನ್ನ ಬೆರಳಲ್ಲೇ ಉಂಟಲ್ಲ. ಪಾನ್ ನೋಡು." ಪಾನ್ ಅಂದರೆ ಕ್ಯಾರಂ ಕಾಯಿ. ಗಾಲ್ಫಿನಲ್ಲಿ ನಾನು ಚೆಂಡನ್ನೇ ದಿಟ್ಟಿಸುತ್ತಿದ್ದೆ!

ಗಿಡ್ಡ ಪಟ್‌ಗಳನ್ನು ಹೋಲ್ ನೋಡುತ್ತಲೇ ಹೊಡೆಯತೊಡಗಿದೆ. 2015ರಲ್ಲಿ ಗಾಲ್ಫಿನ ದೊಡ್ಡ ಪಂದ್ಯ ಮಾಸ್ಟರ್ಸ್ ಗೆದ್ದ ಜೋರ್ಡನ್ ಸ್ಪೀತ್ ಹೊಡೆಯುತ್ತಿದ್ದದ್ದೂ ಹೀಗೇ. ಅಭ್ಯಾಸದ ಕ್ರಮ ಮಾತ್ರ ನನ್ನದು. ಹೋಲ್‌ನ ಅಗಲ 10.8 ಸೆಂ.ಮೀ., ಪಾನ್‌ನದ್ದು ಮೂರು ಚಿಲ್ಲರೆ. ಮ್ಯಾಟ್ ಮೇಲೆ ಆರಡಿ ದೂರಕ್ಕೆ ಒಂದು ಕಪ್ಪು ಪಾನ್ ಇಟ್ಟು ಚೆಂಡು ತಾಗಿಸುವುದು, ದಿನಕ್ಕೆ ಐವತ್ತು. ನಡುವಿಗೆ ತಾಗಿದರೆ ಪಾನ್ ನೆಟ್ಟಗೆ ಹಿಂದೆ ಸರಿಯುತ್ತದೆ, ಅಂಚಿಗೆ ತಾಗಿದರೆ ಓರೆಯಾಗಿ ಜಾರುತ್ತದೆ. ಯಾವ ಕಡೆ ಎಷ್ಟು ತಪ್ಪಿತು ಅಂತ ಅಲ್ಲೇ ಗೊತ್ತಾಗುತ್ತದೆ.

ಮೊದಲ ಎರಡು ವಾರ ಪಟರ್ ನೆಲಕ್ಕೇ ಬಡಿಯುತ್ತಿತ್ತು, ಬ್ಯಾಗ್ ಹೊರುವ ಕ್ಯಾಡಿ ಬೇರೆ ಕಡೆ ನೋಡುತ್ತಾ ನಿಲ್ಲುತ್ತಿದ್ದ. ಹುಲ್ಲಿಗೆ ಊರದೆ ಕೂದಲೆಳೆಯಷ್ಟು ಎತ್ತಿ ಹಿಡಿದ ಮೇಲೆ ಸರಿಹೋಯಿತು. ಇಪ್ಪತ್ತಡಿ ಮೇಲಿನದಕ್ಕೆ ಇದು ನಡೆಯುವುದಿಲ್ಲ. ನಾಲ್ಕು ತಿಂಗಳು ಹಟ ಹಿಡಿದು ಕೈಬಿಟ್ಟೆ, ಅಲ್ಲಿ ಈಗಲೂ ಚೆಂಡನ್ನೇ ನೋಡುತ್ತೇನೆ. ಬಲಗೈ ಒಂದರಲ್ಲೇ ಪಟ್ ಮಾಡಿಯೂ ನೋಡಿದೆ, ಮನೆಯಲ್ಲಿ ಚೆನ್ನಾಗಿತ್ತು, ಕೋರ್ಸಿನಲ್ಲಿ ಗಾಳಿಗೆ ಕೈ ಅಲುಗಿತು.

ವೇಗ ಕಲಿತದ್ದೂ ಬೋರ್ಡಿನಲ್ಲೇ. ಪಾಕೆಟ್ ಬಾಯಲ್ಲಿ ಕೂತ ಪಾನ್‌ಗೆ ಜೋರಾಗಿ ಕೊಟ್ಟರೆ ಸ್ಟ್ರೈಕರೂ ಹಿಂದೆಯೇ ಬಿದ್ದು ಡ್ಯೂ, ಅಂದರೆ ದಂಡ. ಜುಲೈಯಲ್ಲಿ ಬೋರ್ಡ್ ತೇವ ಹೀರಿದಾಗ ಮೇಲಿನ ಬಲ್ಬಿನಲ್ಲಿ ಕಾಯಿಸಿ, ಬೋರಿಕ್ ಪೌಡರ್ ಉದುರಿಸಿ, ಖಾಲಿ ಸ್ಟ್ರೈಕರ್ ಓಡಿಸಿ ನೋಡಿಯೇ ಆಟ ಶುರು ಮಾಡುತ್ತಿದ್ದೆವು. ಈಗ ಮಳೆಗೆ ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆ ಹುಲ್ಲು) ನಿಧಾನವಾದ ದಿನ ಪ್ರಾಕ್ಟೀಸ್ ಗ್ರೀನಿನಲ್ಲಿ ಹೋಲ್ ಇಲ್ಲದ ಕಡೆಗೇ ಮೂರು ಚೆಂಡು ಉರುಳಿಸುತ್ತೇನೆ. ಹೋಲ್ ಕಂಡರೆ ಬಿತ್ತೋ ಇಲ್ಲವೋ ಅಂತ ಮನಸ್ಸು ಅಲ್ಲಿಗೇ ಓಡುತ್ತದೆ, ಓಟ ತಿಳಿಯುವುದಿಲ್ಲ.

ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕೆ, ಕಡಿಮೆಯಾದಷ್ಟೂ ಒಳ್ಳೇದು) 19ರಿಂದ 15ಕ್ಕೆ ಇಳಿದಿದೆ. ಬಲಗೈ ಹೆಬ್ಬೆರಳಿನ ಒತ್ತಡದ್ದು ಇನ್ನೊಂದು ಉಂಟು. ಡಿಸೆಂಬರಿನ ಪಂದ್ಯ ಮುಗಿಯಲಿ, ಆಮೇಲೆ ಹೇಳುತ್ತೇನೆ.