ಇಂಗ್ಲಿಷಿನ ವಿಜ್ಞಾನ, ನಮ್ಮ ಮನೆಯ ಕನ್ನಡ

ಮಗಳ ಉತ್ತರ ಪತ್ರಿಕೆಯಲ್ಲಿ ಒಂದು ಪ್ರಶ್ನೆಯ ಜಾಗ ಖಾಲಿ ಇತ್ತು. ಹತ್ತನೇ ಕ್ಲಾಸಿನ ಮೊದಲ ಕಿರುಪರೀಕ್ಷೆ, ವಿಜ್ಞಾನದಲ್ಲಿ 20ಕ್ಕೆ 7. ನಾನು ಅಂಕ ನೋಡಿ ಬೈಯಬೇಕು ಅಂತಲೇ ಪತ್ರಿಕೆ ಕೈಗೆ ತಗೊಂಡಿದ್ದೆ. ಆದರೆ ಆ ಖಾಲಿ ಜಾಗ ನೋಡಿ ಮಾತು ಹೊರಡಲಿಲ್ಲ. ಅದರ ಮೇಲಿನ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು. ಆಸಿಡ್, ಬೇಸ್ ಸೇರಿದರೆ ಸಾಲ್ಟ್ ಮತ್ತು ವಾಟರ್ ಆಗುತ್ತದೆ, ಇದಕ್ಕೆ ನ್ಯೂಟ್ರಲೈಸೇಷನ್ ಅಂತಾರೆ ಎಂದು ಮುದ್ದಾದ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಕೆಳಗಿನ ಪ್ರಶ್ನೆ ಇಷ್ಟೇ: ಹೊಟ್ಟೆ ಉರಿಗೆ ಮಿಲ್ಕ್ ಆಫ್ ಮೆಗ್ನೀಷಿಯಾ ಯಾಕೆ ಕೊಡುತ್ತಾರೆ? ಅದಕ್ಕೆ ಒಂದಕ್ಷರ ಬರೆದಿರಲಿಲ್ಲ.

"ಇದೇ ಉತ್ತರ ಅಲ್ವೇನೇ ಅದಕ್ಕೂ?" ಅಂತ ಕೇಳಿದೆ. ಮಗಳು ನನ್ನ ಮುಖ ನೋಡಿದಳು. "ಎರಡೂ ಬೇರೆ ಬೇರೆ ಪ್ರಶ್ನೆ ಅಮ್ಮ" ಅಂದಳು.

ಅವಳು ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು. ಮುಂದೆ ಪಿಯುಸಿಯಲ್ಲಿ ಕಷ್ಟ ಆಗಬಾರದು ಅಂತ ಎಲ್ಲರೂ ಮಾಡುವ ಹಾಗೆ. ಎಂಟು, ಒಂಬತ್ತು ಹೇಗೋ ಬಾಯಿಪಾಠದಲ್ಲಿ ದಾಟಿದಳು. ನಾನು ಪಿಯುಸಿ ಆರ್ಟ್ಸ್ ಓದಿದವಳು. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ವಿಜ್ಞಾನ ನನ್ನ ಕೈಲಿ ಆಗುವ ಕೆಲಸ ಅಲ್ಲ ಅಂದುಕೊಂಡು ಟ್ಯೂಷನ್‌ಗೆ ಸೇರಿಸಿದ್ದೆ. ಅಲ್ಲಿ ಪ್ರಿಂಟ್ ಮಾಡಿದ ನೋಟ್ಸ್ ಕೊಡುತ್ತಿದ್ದರು. ಸಂಜೆ ಎರಡು ಗಂಟೆ ಅದನ್ನೇ ಬಾಯಿಪಾಠ ಮಾಡಿಸಿ ಒಪ್ಪಿಸಿಕೊಳ್ಳುತ್ತಿದ್ದರು. ದುಡ್ಡು ಹೋಗಿದ್ದಕ್ಕಿಂತ, ಮಗುವಿನ ಎರಡು ವರ್ಷದ ಸಂಜೆಗಳು ಹೋದವಲ್ಲ, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಅವತ್ತು ರಾತ್ರಿ, ಅಜ್ಜಿ ಹೊಟ್ಟೆ ಉರಿಗೆ ಕುಡಿಯುವ ಗುಲಾಬಿ ಬಣ್ಣದ ಸಿರಪ್ ಬಾಟಲಿ ತಂದು ಮೇಜಿನ ಮೇಲಿಟ್ಟೆ. "ಓದು, ಏನೇನು ಹಾಕಿದ್ದಾರೆ ಇದರಲ್ಲಿ?" ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಅಂತ ಇತ್ತು. ಮಿಲ್ಕ್ ಆಫ್ ಮೆಗ್ನೀಷಿಯಾದಲ್ಲಿ ಇರುವುದೂ ಅದೇ. "ಇದು ಬೇಸ್" ಅಂದಳು. "ಹೊಟ್ಟೇಲಿ ಏನಿದೆ?" "ಆಸಿಡ್." ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ "ಅಯ್ಯೋ, ಅಷ್ಟೇನಾ!" ಅಂದಳು. ಅವಳು ಎರಡು ವರ್ಷದಿಂದ ಇಂಗ್ಲಿಷ್ ವಾಕ್ಯಗಳನ್ನು ಹೊತ್ತುಕೊಂಡು ಓಡಾಡುತ್ತಿದ್ದಳು. ಒಳಗೆ ಏನಿದೆ ಅಂತ ಬಿಚ್ಚಿ ನೋಡಿರಲಿಲ್ಲ. ಬಿಚ್ಚಿ ನೋಡುವುದಕ್ಕೆ ಅವಳಿಗೆ ಕನ್ನಡ ಬೇಕಿತ್ತು.

ಟ್ಯೂಷನ್ ಬಿಡಿಸಿದೆ. ಶಾಲೆಯ ವಿಜ್ಞಾನದ ಮೇಡಂ ಹತ್ತಿರ ಹೋಗಿ, ಮನೆಯಲ್ಲಿ ಕನ್ನಡದಲ್ಲಿ ಮಾತಾಡಿಸಿ ಓದಿಸಿದರೆ ತೊಂದರೆ ಇದೆಯಾ ಅಂತ ಕೇಳಿದೆ. ಅವರು, "ಮಾಡಿ ಅಮ್ಮ, ಬರೆಯೋದು ಮಾತ್ರ ಇಂಗ್ಲಿಷಲ್ಲಿ ಬರೀಲಿ, ಅದನ್ನ ನಾನು ನೋಡ್ಕೋತೀನಿ" ಅಂದರು. ಆ ಮಾತು ನನಗೆ ದೊಡ್ಡ ಬಲ ಆಯಿತು.

ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ ಎರಡೂ ಮಾಧ್ಯಮಕ್ಕೆ ಒಂದೇ. ಪಾಠ ಅದೇ, ಚಿತ್ರ ಅದೇ, ಭಾಷೆ ಮಾತ್ರ ಬೇರೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಕನ್ನಡ ಮಾಧ್ಯಮದ ಪುಸ್ತಕ ಉಚಿತವಾಗಿ ಸಿಗುತ್ತದೆ. ಅದನ್ನು ಮೊಬೈಲಿಗೆ ಇಳಿಸಿಕೊಂಡೆ. ಅವಳ ಮುಂದೆ ಇಂಗ್ಲಿಷ್ ಪುಸ್ತಕ, ನನ್ನ ಕೈಯಲ್ಲಿ ಕನ್ನಡದ್ದು. ರಿಫ್ರ್ಯಾಕ್ಷನ್ ಅಂದರೆ ಅವಳಿಗೆ ಬರೀ ಸದ್ದು. ವಕ್ರೀಭವನ ಅಂದ ತಕ್ಷಣ, ವಕ್ರ ಆಗುವುದು, ಬಾಗುವುದು ಅಂತ ಹೊಳೆಯಿತು. ಎಲೆಕ್ಟ್ರಾಲಿಸಿಸ್‌ಗೆ ವಿದ್ಯುದ್ವಿಭಜನೆ: ವಿದ್ಯುತ್ತಿನಿಂದ ಒಡೆಯುವುದು. ಕಾನ್‌ಕೇವ್‌ಗೆ ನಿಮ್ನ ಅಂತ ಇದೆ. ನಾವು ಮನೆಯಲ್ಲಿ ತಗ್ಗು ಕನ್ನಡಿ ಅಂತಲೇ ಕರೆದೆವು. ಹಾಗಂತ ಕನ್ನಡದ ಪದ ಎಲ್ಲ ಕಡೆ ಸುಲಭ ಅಂತ ನಾನು ಹೇಳುವುದಿಲ್ಲ. ಅಪಧಮನಿ, ಅಭಿಧಮನಿ ಎರಡೂ ನನಗೇ ಅದಲು ಬದಲಾಗುತ್ತಿದ್ದವು. ಅಲ್ಲಿ ಆರ್ಟರಿ, ವೇಯ್ನ್ ಅಂತಲೇ ಇಟ್ಟುಕೊಂಡೆವು. ಅರ್ಥ ಯಾವುದರಲ್ಲಿ ಬೇಗ ಕೈಗೆ ಸಿಗುತ್ತದೋ ಆ ಪದ. ಅದನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್, ಬಲಕ್ಕೆ ನಮ್ಮ ಮಾತು ಅಂತ ಬರೆದಳು.

ದಿನಾ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ. ನಾನು ಹೆಮ್ಮಿಂಗ್ ಮಾಡುತ್ತಾ ಕೂತಿರುತ್ತೇನೆ. ಅವಳು ಅವತ್ತಿನ ಪಾಠ ನನಗೆ ಕನ್ನಡದಲ್ಲಿ ಹೇಳಬೇಕು. ನನಗೆ ಅರ್ಥ ಆಗದ ಕಡೆ ನಿಲ್ಲಿಸುತ್ತೇನೆ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. "ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ" ಅನ್ನುತ್ತಿದ್ದಳು. ನಾನು ಎದ್ದು ಹೋಗುತ್ತಿರಲಿಲ್ಲ. ಅವಳು ಎಲ್ಲಿ ತಡವರಿಸುತ್ತಾಳೋ ಅಲ್ಲೇ ಪೆನ್ಸಿಲ್ಲಿನಲ್ಲಿ ಒಂದು ಗುರುತು. ಮರುದಿನ ಶಾಲೆಯಲ್ಲಿ ಕೇಳಿಕೊಂಡು ಬರಬೇಕಾದ್ದು ಅದು.

ಆಮ್ಲ, ಪ್ರತ್ಯಾಮ್ಲದ, ಅಂದರೆ ಆಸಿಡ್, ಬೇಸ್‌ನ ಪಾಠ ಗಟ್ಟಿ ಆಗಿದ್ದು ಆರತಿ ತಟ್ಟೆಯಲ್ಲಿ. ಮನೆಯಲ್ಲಿ ಶುಭಕಾರ್ಯಕ್ಕೆ ಕೆಂಪು ಆರತಿ ನೀರು ಮಾಡುತ್ತೇವಲ್ಲ, ಅರಿಶಿನಕ್ಕೆ ಸುಣ್ಣ ಕಲಸಿ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದು ದಿನವೂ ಯಾಕೆ ಕೆಂಪಾಗುತ್ತದೆ ಅಂತ ಕೇಳಿರಲಿಲ್ಲ. ಅವಳು ಪುಸ್ತಕದಲ್ಲಿ ಅರಿಶಿನ ಸೂಚಕ, ಅಂದರೆ ಆಸಿಡ್ಡೋ ಬೇಸೋ ಅಂತ ಬಣ್ಣದಲ್ಲೇ ತೋರಿಸುವ ವಸ್ತು ಅಂತ ಓದಿ, "ಅಮ್ಮ, ಸುಣ್ಣ ಬೇಸ್ ಕಣಮ್ಮ!" ಅಂತ ಕೂಗಿದಳು. ಅಜ್ಜಿಯ ಎಲೆಅಡಿಕೆ ಡಬ್ಬಿಯಿಂದ ಕಡಲೆಕಾಳಿನಷ್ಟು ಸುಣ್ಣ ತಂದೆವು. ಅರಿಶಿನದ ನೀರಿಗೆ ಹಾಕಿದ ಕೂಡಲೇ ಕೆಂಪು. ಆಮೇಲೆ ಅವಳೇ ಒಂದು ನಿಂಬೆಹಣ್ಣು ಕೊಯ್ದು ಹಿಂಡಿದಳು. ಹನಿ ಬಿದ್ದ ಕಡೆ ಹಳದಿ ಮೂಡಿ ಮತ್ತೆ ಕೆಂಪಿನಲ್ಲಿ ಮುಚ್ಚಿಹೋಯಿತು. ಹಿಂಡುತ್ತಾ ಹೋದಳು. ಕೊನೆಗೆ ತಟ್ಟೆ ಪೂರ್ತಿ ಹಳದಿ. ಅಜ್ಜಿ ಗಾಬರಿಯಾಗಿ ನೋಡುತ್ತಿದ್ದರು. ಮಗಳು ಅವರನ್ನು ಕೂರಿಸಿಕೊಂಡು ಹೇಳಿದಳು: ಸುಣ್ಣದ ಶಕ್ತಿಯನ್ನು ನಿಂಬೆಹುಳಿ ಮುಗಿಸಿತು ಅಜ್ಜಿ, ನಿಮ್ಮ ಸಿರಪ್ಪು ಹೊಟ್ಟೆಯ ಹುಳಿಯನ್ನು ಮುಗಿಸುವ ಹಾಗೆ. ನ್ಯೂಟ್ರಲೈಸೇಷನ್ ಅನ್ನುವ ಪದ ಆಮೇಲೆ ಅವಳಿಗೆ ಮರೆಯಲೇ ಇಲ್ಲ.

ಬೆಳಕಿನ ಪಾಠದಲ್ಲಿ ಬೇರೆ ತರಹದ ತೊಂದರೆ. ಸೂತ್ರ ಗೊತ್ತು, ಪ್ಲಸ್ ಮೈನಸ್ ತಪ್ಪು. ಒಂದು ಲೆಕ್ಕ ನನಗೆ ಈಗಲೂ ನೆನಪಿದೆ. ತಗ್ಗು ಕನ್ನಡಿಯ ಸಂಗಮದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ, ಬಿಂಬ ಎಲ್ಲಿ? ಅವಳಿಗೆ 12 ಬಂತು, ಪುಸ್ತಕದ ಹಿಂದೆ 60 ಇತ್ತು. ಸಂಗಮದೂರಕ್ಕೆ ಮೈನಸ್ ಹಾಕಿ, ವಸ್ತುವಿನ ದೂರಕ್ಕೆ ಹಾಕದೇ ಬಿಟ್ಟಿದ್ದಳು. "ಯಾಕೆ ಮೈನಸ್?" ಅಂದೆ. "ರೂಲ್ ಹಾಗಿದೆ" ಅಂದಳು. ರೂಲ್ ಅಂತ ನೆನಪಿಟ್ಟುಕೊಂಡರೆ ಪರೀಕ್ಷೆಯ ಹಾಲಿನಲ್ಲಿ ಕೈ ಕೊಡುತ್ತದೆ, ಅಲ್ವಾ? ನನ್ನ ಇಂಚು ಟೇಪು ತೆಗೆದೆ. ಅದರ ಇನ್ನೊಂದು ಬದಿಯಲ್ಲಿ ಸೆಂಟಿಮೀಟರ್ ಇದೆ. ಮೇಜಿನ ಕೊನೆಗೆ ಅವರಪ್ಪನ ಶೇವಿಂಗ್ ಕನ್ನಡಿ ನಿಲ್ಲಿಸಿದೆವು. ಟೇಪಿನ ಸೊನ್ನೆ ಕನ್ನಡಿಯ ಬುಡದಲ್ಲಿ, 30ರ ಹತ್ತಿರ ಮೊಂಬತ್ತಿ. ಬೆಳಕು ಮೊಂಬತ್ತಿಯಿಂದ ಕನ್ನಡಿ ಕಡೆಗೆ ಹೋಗುತ್ತದೆ. ಟೇಪು ಕನ್ನಡಿಯಿಂದ ಮೊಂಬತ್ತಿ ಕಡೆಗೆ ಬರುತ್ತದೆ. "ಎದುರುಬದುರು!" ಅಂದಳು. ಬೆಳಕು ಹೋಗುವ ದಿಕ್ಕಿಗೆ ಅಳೆದರೆ ಪ್ಲಸ್, ಅದಕ್ಕೆ ಎದುರಾಗಿ ಅಳೆದರೆ ಮೈನಸ್. ಅಷ್ಟು ಗೊತ್ತಾದ ಮೇಲೆ ಲೆಕ್ಕಕ್ಕೆ ಮುಂಚೆ ಪಕ್ಕದಲ್ಲಿ ಚಿಕ್ಕ ಚಿತ್ರ, ಟೇಪಿನ ಬಾಣ ಸಮೇತ, ಬರೆಯುವ ಅಭ್ಯಾಸ ಮಾಡಿಕೊಂಡಳು. ಚಿತ್ರ ಇದ್ದರೆ 12 ತಪ್ಪು ಅಂತ ತಾನೇ ಕಾಣುತ್ತದೆ. ವಕ್ರತಾ ಕೇಂದ್ರ ಇರುವುದು ಸಂಗಮದೂರದ ಎರಡರಷ್ಟು ದೂರದಲ್ಲಿ. ವಸ್ತು ಸಂಗಮಬಿಂದುವಿಗೂ ವಕ್ರತಾ ಕೇಂದ್ರಕ್ಕೂ ನಡುವೆ ಇದ್ದಾಗ ಬಿಂಬ ವಕ್ರತಾ ಕೇಂದ್ರದಿಂದ ಆಚೆ, ಅಂದರೆ 40 ದಾಟಿ ಬೀಳಬೇಕು.

ವಿದ್ಯುತ್ತಿನ ಪಾಠಕ್ಕೆ ನನ್ನ ಐರನ್ ಬಾಕ್ಸೇ ಸಾಕಾಯಿತು. ಅದರ ಮೇಲೆ 1000 ವ್ಯಾಟ್, ಹೊಲಿಗೆ ಮಿಷನ್ನಿನ ಮೋಟರ್ ಮೇಲೆ 100 ವ್ಯಾಟ್ ಅಂತ ಇದೆ. ಹತ್ತು ಗಂಟೆ ಹೊಲಿದರೆ ಎಷ್ಟೋ, ಒಂದು ಗಂಟೆ ಐರನ್ ಮಾಡಿದರೆ ಅಷ್ಟು, ಒಂದು ಯೂನಿಟ್. ಮೀಟರ್ ಮೇಲೆ ಒಂದು ಯೂನಿಟ್‌ಗೆ 3200 ಸಲ ದೀಪ ಮಿನುಗುತ್ತದೆ ಅಂತ ಬರೆದಿದೆ. ಫ್ರಿಜ್, ಲೈಟು ಎಲ್ಲ ಆರಿಸಿ, ಐರನ್ ಒಂದನ್ನೇ ಹಾಕಿ, ಅವಳು ಗಡಿಯಾರ ಹಿಡಿದು ಎಣಿಸಿದಳು. ಒಂದು ನಿಮಿಷಕ್ಕೆ 53 ಬರಬೇಕು ಅಂತ ಲೆಕ್ಕ, ಅವಳಿಗೆ 54 ಸಿಕ್ಕಿತು. ಎರಡನೇ ಸಲ ಎಣಿಸುವಾಗ ನಡುವೆ ಮಿನುಗು ನಿಂತೇಹೋಯಿತು. ಐರನ್ ಬಿಸಿಯಾಗಿ ತಾನೇ ಕಟ್ ಆಗಿತ್ತು. ಹಾಗಾದರೆ ಒಂದು ಗಂಟೆಗೆ ಪೂರ್ತಿ ಒಂದು ಯೂನಿಟ್ ಆಗಲ್ಲ ಅಲ್ವಾ ಅಂತ ಅವಳೇ ಕೇಳಿದಳು. ನನಗೆ ಅದು ಯಾವ ಅಂಕಕ್ಕಿಂತಲೂ ಜಾಸ್ತಿ ಅನ್ನಿಸಿತು.

ಸರಣಿ, ಸಮಾಂತರ ಜೋಡಣೆಗೆ ದೀಪಾವಳಿಯ ಸೀರಿಯಲ್ ಸೆಟ್. ಅದರ ಹೆಸರಿನಲ್ಲೇ ಪಾಠ ಇದೆ. ಅಟ್ಟದ ಮೇಲಿದ್ದ ಹಳೇ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಸಾಲೇ ಹೋಗುತ್ತಿತ್ತು. ಮನೆಯ ವೈರಿಂಗ್ ಸಮಾಂತರ. ಅದನ್ನೂ ಸರಣಿಯಲ್ಲಿ ಮಾಡಿದ್ದರೆ ಅಡುಗೆಮನೆಯ ಬಲ್ಬ್ ಹೋದಾಗ ನನ್ನ ಮಿಷನ್ನೂ ನಿಲ್ಲುತ್ತಿತ್ತು.

ಕನ್ನಡದಲ್ಲಿ ಹೇಳಿ ಮುಗಿದ ಮೇಲೆ ಅದನ್ನೇ ಮೂರು ನಾಲ್ಕು ಸಾಲು ಇಂಗ್ಲಿಷಿನಲ್ಲಿ, ಪುಸ್ತಕ ಮುಚ್ಚಿ, ಬರೆಯಬೇಕು. ಇದನ್ನು ಬಿಟ್ಟರೆ ಮೊದಲಿನದ್ದೆಲ್ಲ ದಂಡ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕಲ್ಲ. ಶುರುವಿನಲ್ಲಿ ವಾಕ್ಯ ಅಂಕುಡೊಂಕು ಇರುತ್ತಿತ್ತು. ಮೇಡಂ ತಿದ್ದಿ ಕೊಡುತ್ತಿದ್ದರು. ನನಗೆ ಆಗದ ಇನ್ನೊಂದು ಕೆಲಸ ರಾಸಾಯನಿಕ ಸಮೀಕರಣ ಸರಿದೂಗಿಸುವುದು. ಅದನ್ನೂ ಅವಳು ಶಾಲೆಯಲ್ಲೇ, ಮಧ್ಯಾಹ್ನದ ಬಿಡುವಿನಲ್ಲಿ ಗೆಳತಿಯ ಜೊತೆ ಕೂತು ಕಲಿತಳು. ಜನವರಿಯಿಂದ ಪರೀಕ್ಷಾ ಮಂಡಳಿಯ ಮಾದರಿ ಪತ್ರಿಕೆ ವಾರಕ್ಕೊಂದು, ಗಡಿಯಾರ ಇಟ್ಟು. ಹತ್ತನೇ ಕ್ಲಾಸಿನ ಪರೀಕ್ಷೆಯ 80 ಅಂಕದ ಪತ್ರಿಕೆಯಲ್ಲಿ ಅವಳಿಗೆ 64 ಬಂತು. ಈಗ ಪಿಯುಸಿ ವಿಜ್ಞಾನ ತಗೊಂಡಿದ್ದಾಳೆ.

ಮಗ ಈ ವರ್ಷ ಎಂಟಕ್ಕೆ ಹೋದ. ಅವನಿಗೂ ಇಂಗ್ಲಿಷ್ ಮಾಧ್ಯಮ. ಅಕ್ಕನ ಹಾಗೆ ಬಾಯಿ ಬಿಟ್ಟು ಹೇಳು ಅಂದರೆ ಇವನು ಹೇಳುವುದಿಲ್ಲ, ತಲೆ ತಗ್ಗಿಸಿ ಕೂರುತ್ತಾನೆ. ಎರಡು ವಾರ ಒತ್ತಾಯ ಮಾಡಿ ಕೈಬಿಟ್ಟೆ. ಈಗ ಮಿಷನ್ ಪಕ್ಕದ ಗೋಡೆಗೆ ಕಪ್ಪು ಹಲಗೆ ಹೊಡೆಸಿದ್ದೇನೆ. ಅವನು ಮಾತಿಲ್ಲದೆ ಚಿತ್ರ ಬರೆಯುತ್ತಾನೆ. ನಾನು ಹೊಲಿಯುತ್ತಾ, "ಈ ಬಾಣ ಯಾಕೆ ಈ ಕಡೆಗೆ?" ಅಂತ ಕೇಳುತ್ತೇನೆ. ಬಾಣಗಳ ಪಕ್ಕ ಒಂದೆರಡು ಕನ್ನಡ ಪದ ಕಾಣಿಸಲು ಶುರುವಾಗಿವೆ.