ಯುಕೆಲಿ ಕಾರು ರೈಟ್‌ಆಫ್ ಆದ್ರೆ ಮೊದಲನೇ ಆಫರ್‌ಗೇ ಒಪ್ಕೋಬೇಡಿ

ಆಕ್ಸಿಡೆಂಟ್ ಆದಾಗ ಫೋಟೋ ತೆಗೀಬೇಕು, ಇನ್ಶೂರೆನ್ಸ್‌ಗೆ ಫೋನ್ ಮಾಡ್ಬೇಕು ಅನ್ನೋದೆಲ್ಲ ಎಲ್ರಿಗೂ ಗೊತ್ತಿರೋದೇ, ಅದನ್ನ ಬಿಡ್ತೀನಿ. ನಾನು ಹೇಳ್ಬೇಕು ಅಂತಿರೋದು ಅದಾದ್ಮೇಲೆ ಬರೋ ಫೋನ್ ಬಗ್ಗೆ. "ನಿಮ್ಮ ಕಾರು ಕೆಟಗರಿ ಎಸ್, ರಿಪೇರಿ ಮಾಡಿಸಿದ್ರೆ ಗಿಟ್ಟಲ್ಲ, ಇಷ್ಟು ಪೌಂಡ್ ಕೊಡ್ತೀವಿ, ಆಗ್ಬಹುದಾ?" ಅಂತ ಕೇಳ್ತಾರೆ (ಕೆಟಗರಿ ಎಸ್ ಅಂದ್ರೆ ಕಾರಿನ ಚೌಕಟ್ಟಿಗೇ ಪೆಟ್ಟಾಗಿರೋ ರೈಟ್‌ಆಫ್; ರೈಟ್‌ಆಫ್ ಅಂದ್ರೆ ರಿಪೇರಿ ಬಿಟ್ಟು ಕಾರಿನ ಬೆಲೆ ಕೊಟ್ಟು ಮುಗಿಸೋದು), ನಮ್ಮೋರು ಸುಮಾರು ಜನ ಅಲ್ಲೇ ಹೂಂ ಅಂದ್ಬಿಡ್ತಾರೆ. ಯಾಕಂದ್ರೆ ತಲೇಲಿ ಊರಿನ ಐಡಿವಿ (ಪಾಲಿಸೀಲಿ ಮೊದಲೇ ಬರೆದಿರೋ ಕಾರಿನ ಬೆಲೆ) ಕೂತಿರತ್ತೆ.

ಊರಲ್ಲಿ ಪಾಲಿಸಿ ತಗೊಳ್ಳೋವಾಗ್ಲೇ ಐಡಿವಿ ಬರೆದಿರತ್ತೆ, ವರ್ಷಕ್ಕಿಷ್ಟು ಅಂತ ಸವಕಳಿ ಕಳೆದು. ರಿಪೇರಿ ಖರ್ಚು ಅದರ 75% ದಾಟಿದ್ರೆ ಟೋಟಲ್ ಲಾಸ್, ಸಿಗೋ ದುಡ್ಡು ಮೊದಲೇ ಗೊತ್ತು. ಇಲ್ಲಿ ಪಾಲಿಸೀಲಿರೋದು ಮಾರ್ಕೆಟ್ ವ್ಯಾಲ್ಯೂ, ಅಂದ್ರೆ ಆಕ್ಸಿಡೆಂಟ್ ಆಗೋ ಗಳಿಗೆಗೆ ಮುಂಚೆ ಅದೇ ಮಾಡೆಲ್, ಅಷ್ಟೇ ವಯಸ್ಸು, ಅಷ್ಟೇ ಮೈಲು ಓಡಿರೋ, ಅದೇ ಕಂಡೀಷನ್‌ನ ಇನ್ನೊಂದು ಕಾರು ಕೊಳ್ಳೋಕೆ ಎಷ್ಟು ಬೀಳ್ತಿತ್ತು ಅನ್ನೋದು. ಇನ್ಶೂರೆನ್ಸ್ ಹುಡುಕೋ ವೆಬ್‌ಸೈಟಲ್ಲಿ "ಕಾರಿನ ಬೆಲೆ ಎಷ್ಟು" ಅಂತ ಕೇಳ್ತಾರಲ್ಲ, ದಯವಿಟ್ಟು ಕೇಳಿ, ಅದು ಐಡಿವಿ ಅಲ್ಲ. ಅಲ್ಲಿ ಹೆಚ್ಚು ಬರೆದ್ರಿ ಅಂತ ಹೆಚ್ಚು ಸಿಗಲ್ಲ.

ರೆಡಿಂಗ್‌ಲಿರೋ ಸ್ನೇಹಿತನೊಬ್ಬ ತನ್ನ 2016ರ ಹೋಂಡಾ ಜಾಝ್‌ಗೆ ಅಲ್ಲಿ 9,000 ಪೌಂಡ್ ಅಂತ ಹಾಕಿದ್ದ. ರೌಂಡ್‌ಅಬೌಟ್‌ಲಿ ಹಿಂದಿಂದ ಗುದ್ದಿ ಕಾರು ಹೋಯ್ತು, ಇನ್ಶೂರೆನ್ಸ್‌ನೋರು 6,200 ಅಂದ್ರು. ಇವನು ವಾರಗಟ್ಟಲೆ "ನಾನು 9,000 ಬರೆದಿದ್ನಲ್ಲ" ಅಂತ್ಲೇ ವಾದ ಮಾಡ್ದ, ಒಂದು ಪೆನ್ನಿಯೂ ಏರ್ಲಿಲ್ಲ. ಆಮೇಲೆ ನಾವು ಮೇಲ್ ಬರೆದು, ಯಾವ ಗೈಡ್ (ಹಳೇ ಕಾರುಗಳ ಬೆಲೆಪಟ್ಟಿ) ನೋಡಿದ್ದೀರಿ, ಎಷ್ಟು ಮೈಲು, ಯಾವ ಟ್ರಿಮ್ (ಅದೇ ಮಾಡೆಲ್‌ನ ಯಾವ ವರ್ಷನ್) ಹಾಕಿದ್ದೀರಿ, ಆ ಪ್ರಿಂಟೌಟ್ ಕಳ್ಸಿ ಅಂತ ಕೇಳಿದ್ವಿ. ಬಂತು ನೋಡಿ, ಇವನದು ಇಎಕ್ಸ್, ಅವ್ರು ಲೆಕ್ಕ ಹಾಕಿದ್ದು ಅದಕ್ಕಿಂತ ಕೆಳಗಿನ ಎಸ್‌ಇಗೆ! ಅದನ್ನ ತೋರಿಸಿ, ಜೊತೆಗೆ ಡೀಲರ್‌ಗಳ ಜಾಹೀರಾತು ಲಗತ್ತಿಸಿದ್ಮೇಲೆ 7,350ಕ್ಕೆ ಬಂದ್ರು.

ಹಾಗಾಗಿ ಫೋನ್ ಬಂದ ದಿನಾನೇ ಕೂತು ಕಾರು ಮಾರೋ ವೆಬ್‌ಸೈಟ್ ಆಟೋಟ್ರೇಡರ್‌ಲಿ ನಿಮ್ಮಂಥದ್ದೇ ಕಾರು ಹುಡುಕಿ ಸ್ಕ್ರೀನ್‌ಶಾಟ್ ತೆಗೀರಿ, ಲಿಂಕ್ ಸೇವ್ ಮಾಡಿದ್ರೆ ಸಾಲ್ದು, ಕಾರು ಮಾರಾಟ ಆದ್ರೆ ಜಾಹೀರಾತೇ ಮಾಯ ಆಗತ್ತೆ. ವರ್ಷ, ಟ್ರಿಮ್, ಗೇರ್‌ಬಾಕ್ಸ್, ಮೈಲೇಜ್, ತಾರೀಖು ಎಲ್ಲ ಕಾಣ್ಬೇಕು. ಡೀಲರ್‌ದೇ ಇರ್ಲಿ. ಎಂಒಟಿ (ವರ್ಷಕ್ಕೊಮ್ಮೆ ಆಗೋ ಗಾಡಿ ಪರೀಕ್ಷೆ) ಹಿಸ್ಟರಿ ಸರ್ಕಾರದ ವೆಬ್‌ಸೈಟಲ್ಲಿ ಫ್ರೀ, ಪ್ರತಿ ಟೆಸ್ಟಿಗೆ ಎಷ್ಟು ಮೈಲು ಓಡಿತ್ತು ಅಂತ ಇರತ್ತೆ, ಅದೂ ಸೇರಿಸಿ. ಹೊಸ ಟೈರ್ ಹಾಕ್ಸಿದ್ದೆ, ಸರ್ವಿಸ್ ಮಾಡ್ಸಿದ್ದೆ ಅನ್ನೋದಕ್ಕೆ ಅಷ್ಟೇನೂ ಬೆಲೆ ಸಿಗಲ್ಲ, ಅದರ ಮೇಲೆ ಜಗಳಕ್ಕೆ ನಿಲ್ಬೇಡಿ.

ಇನ್ನೊಂದು ಒತ್ತಡ ಬರತ್ತೆ. ಬಹಳಷ್ಟು ಪಾಲಿಸಿಗಳಲ್ಲಿ ಕರ್ಟಸಿ ಕಾರು (ತಾತ್ಕಾಲಿಕವಾಗಿ ಕೊಡೋ ಬದಲಿ ಕಾರು) ರಿಪೇರಿ ನಡೀವಾಗ ಮಾತ್ರ, ರೈಟ್‌ಆಫ್ ಆದ್ರೆ ವಾಪಸ್ ಕೇಳ್ತಾರೆ. ಮಕ್ಕಳನ್ನ ಸ್ಕೂಲಿಗೆ ಬಿಡ್ಬೇಕು, ಕೆಲಸಕ್ಕೆ ಹೋಗ್ಬೇಕು, ಸಿಕ್ಕಿದಷ್ಟು ಸಾಕು ಅನ್ಸೋದು ಆಗ್ಲೇ. ಆಗ "ಇದನ್ನ ಇಂಟರಿಮ್ ಪೇಮೆಂಟ್ ಅಂತ ತಗೋತೀನಿ, ಬೆಲೆ ಒಪ್ಪಿಲ್ಲ, ಕಂಪ್ಲೇಂಟ್ ಮುಂದುವರಿಯತ್ತೆ" ಅಂತ ಬರವಣಿಗೇಲಿ ಕೊಟ್ಟು ದುಡ್ಡು ತಗೊಳ್ಳಿ. ಬರೋ ದುಡ್ಡಲ್ಲಿ ಎಕ್ಸೆಸ್ (ಪ್ರತಿ ಕ್ಲೇಮ್‌ನಲ್ಲಿ ನಾವೇ ಭರಿಸ್ಬೇಕಾದ ಪಾಲು) ಕಳೀತಾರೆ, ಪ್ರೀಮಿಯಂ ತಿಂಗಳ ಕಂತಿನಲ್ಲಿ ಕಟ್ತಿದ್ರೆ ಸಾಮಾನ್ಯವಾಗಿ ವರ್ಷದ ಬಾಕೀನೂ ಹಿಡ್ಕೋತಾರೆ.

ಫೋನಲ್ಲಿ ಗೊಣಗಿದ್ರೆ ಆಗಲ್ಲ, ಫಾರ್ಮಲ್ ಕಂಪ್ಲೇಂಟ್ ಅಂತ್ಲೇ ಹಾಕಿ. ಕೊನೇ ಉತ್ತರ ಕೊಡೋಕೆ ಅವ್ರಿಗೆ 8 ವಾರ ಇದೆ. ಕೊಡ್ದೇ ಇದ್ರೆ, ಇಲ್ಲಾ ಕೊಟ್ಟದ್ದು ಸರಿ ಇಲ್ದಿದ್ರೆ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸರ್ವಿಸ್‌ಗೆ (ಹಣಕಾಸು ಕಂಪನಿಗಳ ಮೇಲಿನ ಗ್ರಾಹಕರ ದೂರು ಬಗೆಹರಿಸೋ ಸಂಸ್ಥೆ) ಹೋಗಿ, ನಯಾಪೈಸೆ ಖರ್ಚಿಲ್ಲ, ಲಾಯರ್ ಬೇಡ, ಆದ್ರೆ ಕೊನೇ ಉತ್ತರ ಬಂದ 6 ತಿಂಗಳೊಳಗೆ ಹೋಗ್ಬೇಕು. ಅವ್ರು ಬೇರೆಬೇರೆ ಗೈಡ್‌ಗಳನ್ನ ತೆಗೆದು ನೋಡ್ತಾರೆ, ಇನ್ಶೂರರ್ ಕಮ್ಮಿ ಕೊಟ್ಟಿದ್ರೆ ಯಾಕೆ ಅಂತ ಇನ್ಶೂರರ್ರೇ ಪುರಾವೆ ತೋರಿಸ್ಬೇಕು. ಕಾರುಗಳಿಗೆ ಕಮ್ಮಿ ಬೆಲೆ ಕಟ್ಬೇಡಿ ಅಂತ ಹಣಕಾಸು ಕಂಪನಿಗಳ ಮೇಲೆ ನಿಗಾ ಇಡೋ ಎಫ್‌ಸಿಎ ಕೂಡ 2022ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ನನ್ನ ಅಭಿಪ್ರಾಯ ಕೇಳಿದ್ರೆ, ಕೇಳೋಕೆ ಗೊತ್ತಿದ್ದೋರಿಗೆ ಇಲ್ಲಿನ ಪದ್ಧತಿ ಒಳ್ಳೇದು. ಸುಮ್ನಿರೋರಿಗೆ ಐಡಿವಿನೇ ವಾಸಿ, ಅಲ್ಲಿ ಕೊನೇಪಕ್ಷ ಮೊದಲೇ ಗೊತ್ತಿರತ್ತೆ.

ಒಂದು ವಿಷಯ ಹುಷಾರು: ತಪ್ಪು ಎದುರಿನೋರದ್ದು ಅಂತ ನೇರವಾಗಿ ಅವ್ರ ಇನ್ಶೂರೆನ್ಸ್‌ನಲ್ಲೇ ಕ್ಲೇಮ್ ಮಾಡ್ಕೊಂಡ್ರೆ ನೀವು ಆ ಕಂಪನಿಯ ಗ್ರಾಹಕರಲ್ಲ, ಬೆಲೆ ಜಗಳಕ್ಕೆ ಒಂಬುಡ್ಸ್‌ಮನ್ ಸಾಮಾನ್ಯವಾಗಿ ಬರಲ್ಲ, ಕೋರ್ಟ್ ದಾರೀನೇ ಹಿಡೀಬೇಕಾಗತ್ತೆ. ಅದಕ್ಕೇ ನಿಮ್ಮ ಪಾಲಿಸೀಲೇ ಕ್ಲೇಮ್ ಮಾಡಿ, ಎಕ್ಸೆಸ್ ದುಡ್ಡನ್ನ ಆಮೇಲೆ ಅವ್ರಿಂದ ವಸೂಲಿ ಮಾಡ್ಕೊಳ್ಳಿ.